ಓದುಗರ ಪ್ರಶ್ನೆ: ಫೈನೈಟ್ ಎಲಿಮೆಂಟ್ ಎಲ್ಲಿ ಕೈಕೊಡುತ್ತದೆ?

ಪ್ರಶ್ನೆ: ಎರಡು ಎಲಿಮೆಂಟಿನ ಬಾರ್ ಲೆಕ್ಕವನ್ನೂ ಪರೀಕ್ಷೆಯಲ್ಲಿ ತಪ್ಪು ಮಾಡುತ್ತೇನೆ. ಸೂತ್ರಗಳೆಲ್ಲ ಬಾಯಿಗೆ ಬರುತ್ತವೆ. ಎಡವುತ್ತಿರುವುದು ಎಲ್ಲಿ?

ಉತ್ತರ: ಫೈನೈಟ್ ಎಲಿಮೆಂಟ್ ವಿಧಾನದಲ್ಲಿ ವಸ್ತುವನ್ನು ಎಲಿಮೆಂಟ್ ಎಂಬ ಸಣ್ಣ ತುಂಡುಗಳಾಗಿ ಒಡೆದು, ನೋಡ್ ಎಂಬ ಬಿಂದುಗಳಲ್ಲಿ ಅವನ್ನು ಜೋಡಿಸಿ ಲೆಕ್ಕ ಮಾಡುತ್ತೇವೆ. ಹೆಚ್ಚಿನವರು ಎಡವುವುದು ಈ ಜೋಡಣೆಯಲ್ಲಿ, ಅಂದರೆ ಅಸೆಂಬ್ಲಿಯಲ್ಲಿ. ಒಂದು ಲೆಕ್ಕವನ್ನೇ ನೋಡೋಣ. ಎಡತುದಿ ಬಿಗಿದ ಸರಳು. ಮೊದಲ 400 ಮಿ.ಮೀ. ಉದ್ದಕ್ಕೆ ಅಡ್ಡಕೊಯ್ತ 200 ಚದರ ಮಿ.ಮೀ., ಮುಂದಿನ 400 ಮಿ.ಮೀ.ಗೆ 100. ಯಂಗ್ ಮಾಡ್ಯುಲಸ್ 2 ಲಕ್ಷ ಮೆಗಾಪಾಸ್ಕಲ್. ಬಲತುದಿಯಲ್ಲಿ 10,000 ನ್ಯೂಟನ್ ಎಳೆತ.

ಅಡ್ಡಕೊಯ್ತವನ್ನು ಮಾಡ್ಯುಲಸ್‌ನಿಂದ ಗುಣಿಸಿ ಉದ್ದದಿಂದ ಭಾಗಿಸಿದರೆ ಸ್ಟಿಫ್‌ನೆಸ್ (ಬಿಗಿತ) ಸಿಗುತ್ತದೆ: ಮೊದಲ ಎಲಿಮೆಂಟಿಗೆ ಮಿ.ಮೀ.ಗೆ 1,00,000 ನ್ಯೂಟನ್, ಎರಡನೆಯದಕ್ಕೆ 50,000. 50,000ವನ್ನು ಹೊರಗಿಟ್ಟರೆ ಜೋಡಿಸಿದ ಮ್ಯಾಟ್ರಿಕ್ಸ್‌ನ ಮೂರು ಸಾಲುಗಳು ಹೀಗಿರುತ್ತವೆ:

2, −2, 0
−2, 3, −1
0, −1, 1

ನಡುವಿನ 3 ಬಂದದ್ದು 2 ಮತ್ತು 1ನ್ನು ಕೂಡಿಸಿ, ಏಕೆಂದರೆ ನಡುವಿನ ನೋಡ್ ಎರಡೂ ಎಲಿಮೆಂಟಿಗೆ ಸೇರಿದ್ದು. ಅವಸರದಲ್ಲಿ ಕೂಡಿಸುವುದನ್ನು ಬಿಟ್ಟು ಹಳೆಯದರ ಮೇಲೆ ಹೊಸದನ್ನು ಬರೆದುಬಿಡುತ್ತಾರೆ. ಇದನ್ನು ಹಿಡಿಯಲು ಹತ್ತು ಸೆಕೆಂಡು ಸಾಕು: ಬೌಂಡರಿ ಕಂಡೀಷನ್ (ಯಾವ ತುದಿ ಬಿಗಿದಿದೆ ಎಂಬ ಷರತ್ತು) ಹಾಕುವ ಮೊದಲು ಪ್ರತಿ ಸಾಲಿನ ಮೊತ್ತ ಸೊನ್ನೆ ಇರಬೇಕು, ಮ್ಯಾಟ್ರಿಕ್ಸ್ ಸಮ್ಮಿತವಾಗಿರಬೇಕು. ಎಲ್ಲ ನೋಡ್‌ಗಳೂ ಒಂದೇ ದೂರ ಸರಿದರೆ ಸರಳು ಹಿಗ್ಗುವುದಿಲ್ಲ, ಬಲವೂ ಹುಟ್ಟುವುದಿಲ್ಲ. ಮೊತ್ತ ಸೊನ್ನೆಯಾಗುವುದು ಅದಕ್ಕೇ.

ಬಿಗಿದ ಎಡತುದಿ ಸರಿಯುವುದಿಲ್ಲ, ಹಾಗಾಗಿ ಮೊದಲ ಸಾಲು, ಮೊದಲ ಕಂಬಸಾಲನ್ನು ಹೊಡೆದುಹಾಕಿ ಬಿಡಿಸಿದರೆ ನಡುವಿನ ನೋಡ್ 0.1 ಮಿ.ಮೀ., ತುದಿ 0.3 ಮಿ.ಮೀ. ಸರಿಯುತ್ತದೆ. ಸ್ಟ್ರೆಸ್ 50 ಮತ್ತು 100 ಮೆಗಾಪಾಸ್ಕಲ್. ಹೊಡೆದುಹಾಕಿದ ಸಾಲನ್ನು ಮರೆಯಬೇಡಿ. ಅದಕ್ಕೆ ಈ ಸ್ಥಾನಾಂತರಗಳನ್ನು ಹಾಕಿದರೆ −10,000 ನ್ಯೂಟನ್ ರಿಯಾಕ್ಷನ್ (ಬಿಗಿದ ತುದಿಯ ಪ್ರತಿಬಲ) ಸಿಗಬೇಕು. ಸಿಗದಿದ್ದರೆ ಎಲ್ಲೋ ತಪ್ಪಿದೆ.

ಪೆನಾಲ್ಟಿ ವಿಧಾನ (ಸಾಲು ಹೊಡೆದುಹಾಕುವ ಬದಲು ಬಿಗಿದ ನೋಡ್‌ಗೆ ಬಲು ಗಟ್ಟಿ ಸ್ಪ್ರಿಂಗ್ ಕಟ್ಟಿದಂತೆ ಲೆಕ್ಕ ಮಾಡುವುದು) ಕೇಳಿದ್ದರೆ ಮ್ಯಾಟ್ರಿಕ್ಸ್‌ನ ಅತಿ ದೊಡ್ಡ ಸಂಖ್ಯೆಯ 10,000 ಪಟ್ಟನ್ನು ಬಿಗಿದ ನೋಡ್‌ನ ಕರ್ಣದ ಸ್ಥಾನಕ್ಕೆ ಕೂಡಿಸುತ್ತೀರಿ. ಇಲ್ಲಿ ಅದು 150 ಕೋಟಿ. ಆಗ ಬಿಗಿದ ತುದಿಯ ಸ್ಥಾನಾಂತರ 0.0000067 ಮಿ.ಮೀ.ನಷ್ಟು ಬರುತ್ತದೆ. ಚಿಕ್ಕದೆಂದು ಅದನ್ನು ಸೊನ್ನೆ ಎಂದು ಬರೆದವರಿಗೆ ರಿಯಾಕ್ಷನ್ ದಕ್ಕುವುದಿಲ್ಲ. ಆ ಚಿಕ್ಕ ಸಂಖ್ಯೆಯನ್ನು 150 ಕೋಟಿಯಿಂದ ಗುಣಿಸಿದರೇ ಅಲ್ಲವೇ 10,000 ಬರುವುದು?

ಪ್ರಶ್ನೆ: ಬೀಮ್ ಸೂತ್ರದ ಪ್ರಕಾರ ಕ್ಯಾಂಟಿಲಿವರ್‌ನ (ಒಂದೇ ತುದಿ ಬಿಗಿದ ಬೀಮ್) ತುದಿ 1.56 ಮಿ.ಮೀ. ಬಾಗಬೇಕು. ನಾಲ್ಕು ನೋಡ್‌ನ ಚೌಕ ಎಲಿಮೆಂಟುಗಳ ಒಂದೇ ಸಾಲು ಹಾಕಿದರೆ ಸುಮಾರು 1.05 ಬರುತ್ತಿದೆ. ಉದ್ದ 1000, ಅಗಲ 20, ಎತ್ತರ 40 ಮಿ.ಮೀ., ಉಕ್ಕು, ತುದಿಯಲ್ಲಿ 100 ನ್ಯೂಟನ್. ನನ್ನ ಪ್ರೋಗ್ರಾಮ್ ತಪ್ಪೇ?

ಉತ್ತರ: ಪ್ರೋಗ್ರಾಮ್ ಸರಿಯಿರುವಂತಿದೆ, ತಪ್ಪಿರುವುದು ಎಲಿಮೆಂಟಿನ ಆಯ್ಕೆ. ಇದಕ್ಕೆ ಶಿಯರ್ ಲಾಕಿಂಗ್ ಎನ್ನುತ್ತಾರೆ. ನಾಲ್ಕು ನೋಡ್‌ನ ಎಲಿಮೆಂಟಿನ ಅಂಚುಗಳು ನೇರವಾಗಿಯೇ ಉಳಿಯುತ್ತವೆ. ನಿಜವಾದ ಬೀಮ್ ಬಾಗಿದಾಗ ಅದರ ಮೇಲಂಚು ಕೆಳಂಚು ಕಮಾನಾಗುತ್ತವೆ. ಕಮಾನಾಗಲಾರದ ಎಲಿಮೆಂಟು ಬಾಗುವ ಬದಲು ಓರೆಯಾಗುತ್ತದೆ, ಇಲ್ಲದ ಶಿಯರ್ ಅಲ್ಲಿ ಹುಟ್ಟಿಕೊಳ್ಳುತ್ತದೆ, ಹಾಕಿದ ಶಕ್ತಿಯ ಒಂದು ಪಾಲನ್ನು ಅದು ನುಂಗುತ್ತದೆ.

ಎಷ್ಟು ಬಿಗಿಯಾಗುತ್ತದೆ ಎಂದು ಕೈಯಲ್ಲೇ ಲೆಕ್ಕ ಹಾಕಬಹುದು. ಪ್ಲೇನ್ ಸ್ಟ್ರೆಸ್, ಪಾಯ್ಸನ್ ಅನುಪಾತ 0.3, ಪೂರ್ತಿ 2×2 ಗಾಸ್ ಪಾಯಿಂಟು (ಎಲಿಮೆಂಟಿನೊಳಗೆ ಸ್ಟಿಫ್‌ನೆಸ್ ಲೆಕ್ಕಹಾಕುವ ಬಿಂದುಗಳು) ಇದ್ದಾಗ, ಎತ್ತರವಿಡೀ ಒಂದೇ ಎಲಿಮೆಂಟು ಇರುವ ಬೀಮ್ ಶುದ್ಧ ಬಾಗುವಿಕೆಯಲ್ಲಿ ಚೌಕ ಎಲಿಮೆಂಟಿಗೆ 1.48 ಪಟ್ಟು ಬಿಗಿಯಾಗುತ್ತದೆ. ನಿಮ್ಮ 1.56ನ್ನು ಅದರಿಂದ ಭಾಗಿಸಿ ನೋಡಿ. ಎಲಿಮೆಂಟಿನ ಉದ್ದ ಎತ್ತರದ 4 ಪಟ್ಟಾದರೆ ಬಿಗಿತ 7 ಪಟ್ಟು ದಾಟುತ್ತದೆ, 10 ಪಟ್ಟಾದರೆ ಸುಮಾರು 40. ಎಲಿಮೆಂಟು ಉದ್ದವಾದಷ್ಟೂ ಉತ್ತರ ಹಾಳು.

ಎಂಟು ನೋಡ್‌ನ ಎಲಿಮೆಂಟಿಗೆ ಬದಲಾಯಿಸುವುದು ಎಲ್ಲಕ್ಕಿಂತ ಸುಲಭದ ದಾರಿ. ಅದರ ಅಂಚಿಗೆ ಕಮಾನಾಗಲು ಬರುತ್ತದೆ, ಎತ್ತರಕ್ಕೆ ಒಂದೇ ಸಾಲಿದ್ದರೂ ಬೀಮ್ ಸೂತ್ರದ ಹತ್ತಿರವೇ ನಿಲ್ಲುತ್ತದೆ. ನಾಲ್ಕು ನೋಡ್‌ನದ್ದನ್ನೇ ಇಟ್ಟುಕೊಂಡು ಒಂದೇ ಗಾಸ್ ಪಾಯಿಂಟಿಗೆ ಇಳಿಸುವವರಿದ್ದಾರೆ. ಲಾಕಿಂಗ್ ಹೋಗುತ್ತದೆ ನಿಜ, ಆದರೆ ನಡುಬಿಂದುವಿನಲ್ಲಿ ಸ್ಟ್ರೇನ್ ಸೊನ್ನೆ ಇರುವ ವಿರೂಪಗಳಿಗೆ ಯಾವ ತಡೆಯೂ ಉಳಿಯುವುದಿಲ್ಲ. ಮೆಶ್ (ಎಲಿಮೆಂಟುಗಳ ಬಲೆ) ಮರಳು ಗಡಿಯಾರದ ಆಕಾರದಲ್ಲಿ ಅಂಕುಡೊಂಕಾಗುತ್ತದೆ. ಒಂದೇ ಸಾಲಿನ ಬೀಮ್‌ಗಂತೂ ಇದನ್ನು ಮಾಡಲೇಬೇಡಿ. ಮೂರು ನೋಡ್‌ನ ತ್ರಿಕೋನ ಇನ್ನೂ ಬಿಗಿ. ಅದು ಪಠ್ಯದಲ್ಲಿರುವುದು ಕೈಲೆಕ್ಕಕ್ಕೆ ಸುಲಭ ಎಂಬ ಕಾರಣಕ್ಕೆ, ಬಾಗುವಿಕೆಗೆ ಅದನ್ನು ನಂಬುವಂತಿಲ್ಲ.

ಪ್ರಶ್ನೆ: ಎಲ್ ಆಕಾರದ ಬ್ರಾಕೆಟ್‌ನ ಒಳಮೂಲೆಯಲ್ಲಿ ಮೆಶ್ ಸಣ್ಣ ಮಾಡಿದಷ್ಟೂ ಸ್ಟ್ರೆಸ್ ಏರುತ್ತಲೇ ಇದೆ. ಎಲ್ಲಿ ನಿಲ್ಲಿಸಲಿ?

ಉತ್ತರ: ಅದು ನಿಲ್ಲುವುದಿಲ್ಲ. ಚೂಪಾದ ಒಳಮೂಲೆಯಲ್ಲಿ ಎಲಾಸ್ಟಿಕ್ ಸಿದ್ಧಾಂತದ ಸ್ಟ್ರೆಸ್ಸೇ ಅನಂತ. ನಿಮ್ಮ ಮೆಶ್ ಪ್ರಾಮಾಣಿಕವಾಗಿ ಅತ್ತಲೇ ಹೊರಟಿದೆ. ಒಂದೇ ನೋಡ್‌ನ ಮೇಲೆ ಬಲ ಹಾಕಿದಾಗಲೂ ಇದೇ ಕಥೆ. ಆ ಮೂಲೆಯ ಸ್ಟ್ರೆಸ್ ನಿಮಗೆ ಬೇಕಿದ್ದರೆ ನಿಜವಾದ ಭಾಗದಲ್ಲಿರುವ ಫಿಲೆಟ್ (ದುಂಡಾಗಿಸಿದ ಮೂಲೆ) ತ್ರಿಜ್ಯವನ್ನು ಮಾದರಿಯಲ್ಲೂ ಕೊಟ್ಟು, ಆ ಕಮಾನಿನ ಮೇಲೆ ಸಾಕಷ್ಟು ಎಲಿಮೆಂಟು ಹಾಕಿ. ಬೇಕಿರುವುದು ದೂರದ ಜಾಗದ ಸ್ಟ್ರೆಸ್ ಆದರೆ ಮೂಲೆಯ ಕೆಂಪು ಬಣ್ಣವನ್ನು ಕಡೆಗಣಿಸಿ, ಆದರೆ ವರದಿಯಲ್ಲಿ ಹಾಗೆಂದು ಬರೆಯಿರಿ.

ನಿಮ್ಮ ಮೆಶ್ ಅಭ್ಯಾಸವನ್ನು ಪರೀಕ್ಷಿಸಲು ಒಳ್ಳೆಯ ಮಾದರಿ ಬೇರೆಯೇ ಇದೆ: ಸಣ್ಣ ದುಂಡುರಂಧ್ರವಿರುವ ಅಗಲವಾದ ತಟ್ಟೆ, ಒಂದು ದಿಕ್ಕಿನ ಎಳೆತ. ರಂಧ್ರದ ಅಂಚಿನಲ್ಲಿ ದೂರದ ಸ್ಟ್ರೆಸ್‌ನ 3 ಪಟ್ಟು ಬರಬೇಕು. ಲೀನಿಯರ್ (ಮೂಲೆಗಳಲ್ಲಷ್ಟೇ ನೋಡ್ ಇರುವ) ಎಲಿಮೆಂಟಿನ ಗಾತ್ರವನ್ನು ಅರ್ಧ ಮಾಡಿದರೆ ಸ್ಥಾನಾಂತರದ ದೋಷ ಕಾಲುಭಾಗಕ್ಕೂ ಸ್ಟ್ರೆಸ್‌ನ ದೋಷ ಅರ್ಧಕ್ಕೂ ಇಳಿಯುತ್ತದೆ. ಸ್ಥಾನಾಂತರ ಸ್ಥಿರವಾಯಿತೆಂದು ಸ್ಟ್ರೆಸ್ಸೂ ಸರಿ ಎಂದುಕೊಳ್ಳಬೇಡಿ. ಸರಾಸರಿ ಮಾಡದ ಸ್ಟ್ರೆಸ್ ಚಿತ್ರವನ್ನೂ ತೆರೆದು ನೋಡಿ. ಪಕ್ಕಪಕ್ಕದ ಎಲಿಮೆಂಟುಗಳ ನಡುವೆ ಬಣ್ಣ ಧುಮುಕುತ್ತಿದ್ದರೆ ಅಲ್ಲಿ ಮೆಶ್ ಸಾಲದು.

ಪ್ರಶ್ನೆ: ಸಾಲ್ವರ್ 'ಸಿಂಗ್ಯುಲರ್ ಮ್ಯಾಟ್ರಿಕ್ಸ್' ಎಂದು ನಿಂತುಬಿಡುತ್ತದೆ. ಸಪೋರ್ಟ್ ಕೊಟ್ಟಿದ್ದೇನೆ.

ಉತ್ತರ: ಸಿಂಗ್ಯುಲರ್ ಎಂದರೆ ಮ್ಯಾಟ್ರಿಕ್ಸ್ ಬಿಡಿಸಲಾಗದು, ಎಲ್ಲೋ ಏನೋ ಸಡಿಲವಾಗಿದೆ. ಕೊಟ್ಟ ಸಪೋರ್ಟ್ ಸಾಲದಿರಬಹುದು. ಎರಡು ಆಯಾಮದಲ್ಲಿ 3, ಮೂರು ಆಯಾಮದಲ್ಲಿ 6 ಬಗೆಯ ಚಲನೆಗಳನ್ನು ತಡೆಯಬೇಕು, ತಿರುಗುವಿಕೆಯೂ ಅದರಲ್ಲಿ ಸೇರಿದೆ. ಅದು ಸರಿಯಿದ್ದರೆ ಬಿಡಿಭಾಗಗಳು ಅಂಟಿವೆಯೇ ನೋಡಿ. ತೆರೆಯ ಮೇಲೆ ಒಂದಕ್ಕೊಂದು ತಾಗಿದ್ದರೂ ಒಂದೇ ಜಾಗದಲ್ಲಿ ಎರಡು ಬೇರೆ ನೋಡ್‌ಗಳಿದ್ದರೆ ಸಂಪರ್ಕವಿಲ್ಲ. ಬೀಮ್ ಎಲಿಮೆಂಟನ್ನು ಸಾಲಿಡ್‌ನ ಒಂದೇ ನೋಡ್‌ಗೆ ಕಟ್ಟಿದವರೂ ಇಲ್ಲೇ ಸಿಕ್ಕಿಬೀಳುತ್ತಾರೆ: ಸಾಲಿಡ್‌ನ ನೋಡ್‌ಗೆ ತಿರುಗುವ ಸ್ವಾತಂತ್ರ್ಯವೇ ಲೆಕ್ಕದಲ್ಲಿಲ್ಲ, ಹಾಗಾಗಿ ಆ ಜೋಡಣೆ ಬಿಗಿಯಾಗಿ ನಿಲ್ಲದೆ ಕೀಲಿನಂತೆ ಸುಮ್ಮನೆ ತಿರುಗುತ್ತದೆ. ತಪ್ಪು ಕಾಣದಿದ್ದರೆ ಅದೇ ಮಾದರಿಗೆ ಮೋಡಲ್ ವಿಶ್ಲೇಷಣೆ (ಸಹಜ ಆವರ್ತನಗಳ ಲೆಕ್ಕ) ನಡೆಸಿ. ಸೊನ್ನೆ ಆವರ್ತನದ ಮೋಡ್‌ಗಳನ್ನು ಆನಿಮೇಷನ್‌ನಲ್ಲಿ ನೋಡಿದರೆ ಯಾವ ಭಾಗ ಬಿಡಿಯಾಗಿ ಓಡಾಡುತ್ತಿದೆ ಎಂಬುದು ಕಣ್ಣಿಗೇ ಕಾಣುತ್ತದೆ.

ಪ್ರಶ್ನೆ: ಸ್ಟ್ಯಾಟಿಕ್ ಉತ್ತರ ಸರಿ ಬಂತು, ಆದರೆ ಅದೇ ಮಾದರಿಯ ಸಹಜ ಆವರ್ತನಗಳು ಹತ್ತಿರ ಹತ್ತಿರ ಸೊನ್ನೆ. ಸಪೋರ್ಟ್ ಸರಿಯಿದೆ.

ಉತ್ತರ: ಸಾಂದ್ರತೆಯ ಯೂನಿಟ್ ನೋಡಿ. ನ್ಯೂಟನ್, ಮಿ.ಮೀ., ಸೆಕೆಂಡು ಹಿಡಿದರೆ ದ್ರವ್ಯರಾಶಿ ಟನ್‌ನಲ್ಲಿ ಇರಬೇಕು. ಉಕ್ಕಿಗೆ ಘನ ಮಿ.ಮೀ.ಗೆ 7.85×10⁻⁹ ಟನ್. ಅಲ್ಲಿ ಘನ ಮೀಟರಿಗೆ ಕಿಲೋಗ್ರಾಂ ಲೆಕ್ಕದ 7850 ಎಂದು ತುಂಬಿದ್ದರೆ ದ್ರವ್ಯರಾಶಿ 10¹² ಪಟ್ಟು ಹೆಚ್ಚಿ, ಆವರ್ತನ 10 ಲಕ್ಷ ಪಟ್ಟು ಕುಸಿದಿರುತ್ತದೆ. ಸ್ವಂತ ತೂಕ ಸೇರಿಸದ ಸ್ಟ್ಯಾಟಿಕ್ ಲೆಕ್ಕದಲ್ಲಿ ಸಾಂದ್ರತೆಗೆ ಕೆಲಸವೇ ಇಲ್ಲ, ಅದಕ್ಕೇ ಅಲ್ಲಿ ತಪ್ಪು ಬಯಲಾಗಲಿಲ್ಲ.

ಪ್ರಶ್ನೆ: 'ನೆಗೆಟಿವ್ ಜಾಕೋಬಿಯನ್' ಯಾಕೆ ಬರುತ್ತದೆ?

ಉತ್ತರ: ಆದರ್ಶ ಚೌಕವನ್ನು ನಿಮ್ಮ ಎಲಿಮೆಂಟಿನ ಆಕಾರಕ್ಕೆ ಎಳೆದಾಗ ವಿಸ್ತೀರ್ಣ ಎಷ್ಟು ಪಟ್ಟಾಗುತ್ತದೆ ಎಂಬ ಸಂಖ್ಯೆಯೇ ಜಾಕೋಬಿಯನ್. ನೆಗೆಟಿವ್ ಎಂದರೆ ಎಲಿಮೆಂಟು ಮಗುಚಿದೆ. ಕೈಯಲ್ಲಿ ಬರೆದ ಪ್ರೋಗ್ರಾಮ್ ಆದರೆ ಹತ್ತಕ್ಕೆ ಒಂಬತ್ತು ಸಲ ನೋಡ್‌ಗಳನ್ನು ಗಡಿಯಾರದ ದಿಕ್ಕಿನಲ್ಲಿ ಎಣಿಸಿರುತ್ತೀರಿ. ವಿರುದ್ಧ ದಿಕ್ಕಿನಲ್ಲಿ ಬರೆಯಿರಿ. ಸಾಫ್ಟ್‌ವೇರ್ ಮಾಡಿದ ಮೆಶ್‌ನಲ್ಲಿ ಬಂದರೆ ಚತುರ್ಭುಜದ ಒಂದು ಒಳಕೋನ 180 ಡಿಗ್ರಿ ಮೀರಿದೆಯೇ, ಎಂಟು ನೋಡ್‌ನ ಎಲಿಮೆಂಟಿನ ಅಂಚಿನ ನಡುನೋಡ್ ಮೂಲೆಯ ಕಡೆಗೆ ಸರಿದಿದೆಯೇ ನೋಡಿ. ಅಂಚಿನ ಕಾಲುಭಾಗಕ್ಕೆ ಅದು ಬಂತೆಂದರೆ ಮೂಲೆಯಲ್ಲಿ ಜಾಕೋಬಿಯನ್ ಸೊನ್ನೆ, ಅದನ್ನೂ ದಾಟಿದರೆ ನೆಗೆಟಿವ್. ಬಿರುಕಿನ ತುದಿಯ ಅನಂತ ಸ್ಟ್ರೆಸ್ ಹಿಡಿಯಲು ಕಾಲುಭಾಗದ ಈ ಜಾಗಕ್ಕೇ ನಡುನೋಡ್ ಅನ್ನು ಬೇಕೆಂದು ಸರಿಸುವುದೂ ಉಂಟು. ನಿಮ್ಮದು ಬಿರುಕಿನ ಲೆಕ್ಕವಲ್ಲದಿದ್ದರೆ ಅದನ್ನು ನಡುವಿಗೇ ತಂದುಬಿಡಿ.