ರಾತ್ರಿ ಹನ್ನೊಂದರ ಮೇಲಿನ ಮೊಬೈಲು: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ಸ್ಪರ್ಧಾತ್ಮಕ ಪರೀಕ್ಷೆಗೆ ಓದಲು ಬೆಂಗಳೂರಿನ ಪಿಜಿಯಲ್ಲಿರುವ 25ರ ಯುವಕ. ರಾತ್ರಿ ಅಶ್ಲೀಲ ವಿಡಿಯೊ ನೋಡತೊಡಗಿದರೆ ಎರಡು ಮೂರು ಗಂಟೆ ಹೋಗುತ್ತಿತ್ತು, ಬೆಳಗಿನ ಕ್ಲಾಸು ತಪ್ಪುತ್ತಿತ್ತು. "ದೇವರ ಮೇಲೆ ಆಣೆ ಇಟ್ಟೆ ಸರ್, ಆದರೂ ಆಗಲಿಲ್ಲ" ಎಂದ. ವೀರ್ಯ ನಷ್ಟವಾಗಿ ನೆನಪಿನ ಶಕ್ತಿ ಹೋಗುತ್ತಿದೆ ಎಂಬ ಭಯಕ್ಕೆ ಯಾವುದೋ ಪುಡಿಯನ್ನೂ ತಿನ್ನುತ್ತಿದ್ದ.

ಮೊದಲು ಆ ಭಯ ಬಿಡಿಸಬೇಕಾಯಿತು. ವೀರ್ಯ ಹೋದರೆ ನೆನಪು ಕುಂದದು; ನಿದ್ದೆಗೆಟ್ಟರೆ ಕುಂದುತ್ತದೆ. ಪುಡಿ ನಿಲ್ಲಿಸಿ ಎಂದೆವು. 2022ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯಲ್ಲಿ ಹತೋಟಿ ತಪ್ಪಿದ ಲೈಂಗಿಕ ವರ್ತನೆಗೆ ಜಾಗವಿದೆ. ಆದರೆ ಅದು ಆರು ತಿಂಗಳು ಅಥವಾ ಹೆಚ್ಚು ಕಾಲ ಮುಂದುವರಿದು ಬದುಕನ್ನು ಕೆಡಿಸಿರಬೇಕು. ಬರೀ ಪಾಪಪ್ರಜ್ಞೆಯ ಸಂಕಟ ಸಾಲದು. ಈತನ ಓದು, ನಿದ್ದೆ ಎರಡೂ ಕೆಟ್ಟಿದ್ದವು.

ಮೊದಲ ವಾರ ಬಿಡಲು ಹೇಳಲಿಲ್ಲ, ಬರೆದಿಡಲು ಹೇಳಿದೆವು: ಎಷ್ಟು ಹೊತ್ತಿಗೆ, ಎಲ್ಲಿ, ಅದಕ್ಕೆ ಮುಂಚೆ ಏನಾಯಿತು. ಬಹುತೇಕ ಹನ್ನೊಂದರ ನಂತರ, ಹಾಸಿಗೆಯಲ್ಲಿ, ಮಾಕ್ ಟೆಸ್ಟ್ ಕೆಟ್ಟ ದಿನ ಅಥವಾ ಮನೆಯಿಂದ ಖರ್ಚಿನ ಫೋನ್ ಬಂದ ದಿನ. ಆತ ಕಾಮದ ಜೊತೆ ಗುದ್ದಾಡುತ್ತಿದ್ದ. ಆದರೆ ನಿಜಕ್ಕೂ ಕಾಡುತ್ತಿದ್ದದ್ದು ಪರೀಕ್ಷೆಯ ದಿಗಿಲು. ಆಣೆ ನಿಲ್ಲದೇ ಹೋದದ್ದು ಇದಕ್ಕೇ.

ಹಾಗಾಗಿ ಮನೆಗೆ ಫೋನ್ ಮಾಡುವುದನ್ನು ಸಂಜೆ ಆರಕ್ಕೆ ತಂದೆವು. ಟೆಸ್ಟಿನ ತಪ್ಪುಗಳನ್ನು ಊಟಕ್ಕೆ ಮುಂಚೆ ಗೆಳೆಯನ ಜೊತೆ ಕೂತು ನೋಡುವುದು. ಹತ್ತೂವರೆಗೆ ಮೊಬೈಲನ್ನು ರೂಮಿನ ಹೊರಗೆ ಚಾರ್ಜಿಗೆ ಹಾಕಿ, ಏಳಲು ಅಲಾರಂ ಗಡಿಯಾರ ಇಟ್ಟುಕೊಳ್ಳುವುದು. ಸೆಟ್ಟಿಂಗ್ಸ್‌ನ 'ಪ್ರೈವೇಟ್ ಡಿಎನ್‌ಎಸ್'ನಲ್ಲಿ ವಯಸ್ಕರ ಸೈಟುಗಳನ್ನು ತಡೆಯುವ ಫಿಲ್ಟರ್ ಹಾಕಿಸಿದೆವು. ಇಂಟರ್ನೆಟ್ಟನ್ನು ಬೇರೆ ದಾರಿಯಲ್ಲಿ ಹಾಯಿಸುವ ವಿಪಿಎನ್ ಆ್ಯಪ್ ಹಾಕಿದರೆ ಈ ಫಿಲ್ಟರ್ ಸೋಲುತ್ತದೆ, ಟೆಲಿಗ್ರಾಂ ಗುಂಪುಗಳನ್ನು ತಡೆಯುವುದೂ ಇಲ್ಲ. ಆ ಗುಂಪುಗಳಿಂದ ತಾನೇ ಹೊರಬರಬೇಕು. ಫಿಲ್ಟರಿನಿಂದ ಸಿಗುವುದು ಯೋಚಿಸಲು ಒಂದು ನಿಮಿಷ. ಅಷ್ಟೂ ಬೇಕು.

ಸೆಳೆತ ಬಂದಾಗ "ಬೇಡ, ಬೇಡ" ಎಂದು ಒತ್ತಿ ಹಿಡಿದರೆ ಅದು ಹೆಚ್ಚುತ್ತದೆ. ಹಾಸಿಗೆ ಬಿಟ್ಟು ಎದ್ದು ಮುಖ ತೊಳೆದು, ಟೆರೇಸಿನಲ್ಲಿ ನಡೆಯುತ್ತ, ಐದೈದು ನಿಮಿಷಕ್ಕೆ ಸೆಳೆತಕ್ಕೆ ಹತ್ತರಲ್ಲಿ ಅಂಕ ಕೊಡಿ ಎಂದೆವು. ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಇಳಿಯುತ್ತದೆ.

ಮೂರನೇ ವಾರ ಜಾರಿದ. ಹತ್ತು ನಿಮಿಷ ನೋಡಿದ್ದಕ್ಕಿಂತ, "ಹೇಗೂ ಕೆಟ್ಟಾಯಿತಲ್ಲ" ಎಂದು ಬೆಳಗಿನ ಜಾವದವರೆಗೆ ನೋಡಿದ್ದು ಹೆಚ್ಚು ಹಾನಿ ಮಾಡಿತು. ಎಷ್ಟೋ ಜನರ ಚಟ ಮತ್ತೆ ಕಚ್ಚಿಕೊಳ್ಳುವುದು ಈ ಮಾತಿನಿಂದಲೇ. ಸೊನ್ನೆಯಿಂದ ದಿನ ಎಣಿಸುವುದನ್ನು ಬಿಡಿಸಿದೆವು. ಜಾರಿದರೆ ಅಲ್ಲಿಗೇ ಮುಚ್ಚಿ, ಮೊಬೈಲು ಹೊರಗಿಟ್ಟು, ಏನಾಯಿತೆಂದು ಮೂರು ಸಾಲು ಬರೆದು ಮಲಗುವುದು; ಹೊಸ ಆಣೆ ಬೇಡ.

ಬೇಸರ ಎರಡು ವಾರ ಬಿಡದಿದ್ದರೆ ಮನೋವೈದ್ಯರನ್ನು ಕಾಣಬೇಕು. ಸಾಯುವ ಯೋಚನೆ ಬಂದರೆ ಅಂದೇ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ರಲ್ಲಿ ಕನ್ನಡದಲ್ಲೇ ಮಾತಾಡಬಹುದು. ನಿಮ್ಹಾನ್ಸ್‌ನಲ್ಲಿ ಮೊಬೈಲ್, ಇಂಟರ್ನೆಟ್ ಗೀಳಿಗೆಂದೇ 'ಶಟ್' ಕ್ಲಿನಿಕ್ ಇದೆ. ಯಾರಾದರೂ ವಿಡಿಯೊ ಕರೆ ಮಾಡಿ ಹಣಕ್ಕೆ ಬೆದರಿಸಿದರೆ ಕೊಡದೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ದೂರು ಕೊಡಿ.

ಎರಡು ತಿಂಗಳಿಗೆ ನಿತ್ಯದ್ದು ತಿಂಗಳಿಗೆ ಎರಡು ಮೂರು ಸಲಕ್ಕೆ ಇಳಿದಿದೆ. ಪ್ರಿಲಿಮ್ಸ್ ಹತ್ತಿರವಿರುವುದರಿಂದ ಅದು ಮುಗಿಯುವವರೆಗೆ ವಾರಕ್ಕೊಮ್ಮೆ ಬರಲು ಒಪ್ಪಿದ್ದಾನೆ.