ಬಸ್ರೂರಿನಲ್ಲಿ ಸಮುದ್ರ ಎಲ್ಲಿದೆ?

ಮಸ್ಕತ್‌ನಿಂದ ಬರೆದ ಓದುಗರಿಗೆ ನಮಸ್ಕಾರ.

ನಿಮ್ಮ ನಾಲ್ಕು ಪುಟಗಳ ಪತ್ರ ತಲುಪಿತು. ಪೂರ್ತಿ ಅಚ್ಚು ಹಾಕಲು ಜಾಗವಿಲ್ಲದ್ದರಿಂದ ಅದರ ಸಾರವನ್ನು ಉಳಿದ ಓದುಗರಿಗೆ ನಾನೇ ಹೇಳಿಬಿಡುತ್ತೇನೆ. ನಮ್ಮ ಕರಾವಳಿ ವಿಶೇಷಾಂಕವನ್ನು ಓದಿದ ನೀವು ಡಿಸೆಂಬರಿನ ರಜೆಗೆ ಊರಿಗೆ ಬಂದಾಗ ಮಗಳನ್ನು ಕರೆದುಕೊಂಡು ಕುಂದಾಪುರದ ಬಳಿಯ ಬಸ್ರೂರಿಗೆ ಹೋದಿರಿ. ‘ಒಂದು ಕಾಲದ ಹೆಸರಾಂತ ಬಂದರು’ ಎಂದು ನಾವು ಬರೆದಿದ್ದೆವು. ಅಲ್ಲಿ ನಿಮಗೆ ಬಂದರು ಕಾಣಲಿಲ್ಲ, ಕೋಟೆಯೂ ಕಾಣಲಿಲ್ಲ. ತೆಂಗಿನ ತೋಟ, ಕೆಲವು ದೇವಸ್ಥಾನ, ಸುಮ್ಮನೆ ಮಲಗಿದಂತಿದ್ದ ಒಂದು ಹೊಳೆ, ಇಷ್ಟೇ. ‘ಅಪ್ಪಾ, ಸಮುದ್ರ ಎಲ್ಲಿ?’ ಎಂದು ಮಗಳು ಕೇಳಿದಳು. ನಿಮ್ಮಲ್ಲಿ ಉತ್ತರವಿರಲಿಲ್ಲ. ಮರವಂತೆಯ ಮರಳಿನಲ್ಲಿ ಕಳೆಯಬಹುದಾಗಿದ್ದ ಅರ್ಧ ದಿನವನ್ನು ಸಂಪಾದಕರು ಹಾಳು ಮಾಡಿದರು ಎಂದು ದೂರಿದ್ದೀರಿ. ಜೊತೆಗೆ, ಬಸ್ರೂರನ್ನು ಶಿವಾಜಿ ಮಹಾರಾಜರು ಪೋರ್ಚುಗೀಸರಿಂದ ಬಿಡಿಸಿದರು ಎಂಬ ಮೊಬೈಲ್ ಸಂದೇಶ ನಿಜವೇ, ನಿಜವಾದರೆ ನೀವೇಕೆ ಬರೆಯಲಿಲ್ಲ ಎಂದೂ ಕೇಳಿದ್ದೀರಿ.

ಮೊದಲು ತಪ್ಪೊಪ್ಪಿಗೆ. ವಿಶೇಷಾಂಕದಲ್ಲಿ ಮರವಂತೆಗೆ ಎರಡು ಪುಟ ಕೊಟ್ಟು ಬಸ್ರೂರನ್ನು ಒಂದು ಸಾಲಿಗೆ ಇಳಿಸಿದವನು ನಾನೇ. ಒಂದು ಪಕ್ಕ ಸೌಪರ್ಣಿಕಾ, ಇನ್ನೊಂದು ಪಕ್ಕ ಅರಬ್ಬೀ ಸಮುದ್ರ, ನಡುವೆ ಹೆದ್ದಾರಿ ಎಂದರೆ ಚಿತ್ರವೇ ಎಲ್ಲವನ್ನೂ ಹೇಳುತ್ತದೆ. ಬಸ್ರೂರು ಚಿತ್ರಕ್ಕೆ ಒಗ್ಗುವ ಊರಲ್ಲ. ಹಾಗಾಗಿಯೇ ಅದಕ್ಕೆ ಹೆಚ್ಚು ಮಾತು ಬೇಕಿತ್ತು. ಬಂದರು ಎಂದು ಬರೆದು ಸುಮ್ಮನಾದದ್ದು, ಯಾವ ಬಗೆಯ ಬಂದರು ಎಂದು ಹೇಳದೇ ಹೋದದ್ದು ನಮ್ಮ ಸೋಮಾರಿತನ.

ಬಸ್ರೂರು ಎಂದೂ ಕಡಲ ದಡದ ಊರಾಗಿರಲಿಲ್ಲ. ಅದು ವಾರಾಹಿ ಹೊಳೆಯ ದಂಡೆಯ ಊರು. ಸೌಪರ್ಣಿಕಾ, ವಾರಾಹಿ, ಚಕ್ರಾ, ಕೇದಕ, ಕುಬ್ಜಾ ಎಂಬ ಐದು ಹೊಳೆಗಳು ಗಂಗೊಳ್ಳಿಯ ಬಳಿ ಒಂದಾಗಿ ಒಂದೇ ಅಳಿವೆಯಿಂದ ಸಮುದ್ರಕ್ಕೆ ಇಳಿಯುತ್ತವೆ. ಪಂಚಗಂಗಾವಳಿ ಎನ್ನುವುದು ಇದನ್ನೇ. ನಮ್ಮ ಕರಾವಳಿಯ ಹಳೆಯ ಬಂದರುಗಳೆಲ್ಲ ಹೆಚ್ಚುಕಡಿಮೆ ಹೀಗೆಯೇ ಒಳಗೆ ಅಡಗಿ ಕುಳಿತವು. ಬಾರಕೂರು ಹೊಳೆಯ ಮೇಲಿದೆ, ಗೇರುಸೊಪ್ಪೆ ಶರಾವತಿಯಲ್ಲಿ ಬಹು ದೂರ ಒಳಗಿದೆ, ಮಿರ್ಜಾನ ಅಘನಾಶಿನಿಯ ಬದಿಗಿದೆ. ತೆರೆದ ತೀರದಲ್ಲಿ ಅಂಗಡಿ ಹಾಕಿಕೊಂಡು ಕೂರುವವನು ಮಳೆಗಾಲಕ್ಕೂ ಸಿಕ್ಕುತ್ತಾನೆ, ಕಡಲುಗಳ್ಳರಿಗೂ ಸಿಕ್ಕುತ್ತಾನೆ. ಒಳಗಿನ ಊರಿಗೆ ಇನ್ನೊಂದು ಅನುಕೂಲವೂ ಇತ್ತು. ಘಟ್ಟದಿಂದ ಇಳಿದ ಸರಕು ಮತ್ತು ಬೈಲಿನಿಂದ ಬಂದ ಅಕ್ಕಿ ಹೊಳೆಯ ದಂಡೆಯಲ್ಲಿ ದೋಣಿ ಹತ್ತುತ್ತಿತ್ತು.

ಅಕ್ಕಿ ಎಂದೆನಲ್ಲ, ಬಸ್ರೂರಿನ ಕಥೆಯ ಜೀವವೇ ಅದು. ಕರಿಮೆಣಸಿನ ಬಗ್ಗೆ ಎಲ್ಲರೂ ಬರೆದರು, ಅಕ್ಕಿಯ ಬಗ್ಗೆ ಬರೆದವರು ಕಡಿಮೆ. ದಿನಾ ಉಣ್ಣುವ ವಸ್ತುವಿಗೆ ಬೆರಗು ಹುಟ್ಟುವುದಿಲ್ಲ. 1516ರ ಸುಮಾರಿಗೆ ಈ ತೀರವನ್ನು ವರ್ಣಿಸಿದ ಪೋರ್ಚುಗೀಸ ದುವಾರ್ತೆ ಬಾರ್ಬೊಸಾ ಬಸ್ರೂರು, ಬಾರಕೂರುಗಳಿಗೆ ಹೊರಗಿನ ಹಡಗುಗಳೂ ಮಲಬಾರಿನ ಹಡಗುಗಳೂ ಅಕ್ಕಿ ತುಂಬಿಕೊಳ್ಳಲು ಬರುತ್ತಿದ್ದವು ಎನ್ನುತ್ತಾನೆ. ಈ ಕಡೆಯ ಅಕ್ಕಿಯ ಬಗೆಗಳನ್ನು ಹೇಳುವಾಗ ಅವನು ಬರೆದುಕೊಂಡ ‘ಗಿರಸಾಲ್’ ಎಂಬ ಹೆಸರನ್ನು ನಮ್ಮ ಅಜ್ಜಿಯಂದಿರಿಗೆ ಓದಿ ಹೇಳಿದ್ದರೆ, ಜೀರಸಾಲೆಯನ್ನು ಹೀಗೂ ಹೇಳುತ್ತಾರೆಯೇ ಎಂದು ನಗುತ್ತಿದ್ದರು.

ಈಗ ನಿಮ್ಮ ಊರಿಗೆ ಬರುತ್ತೇನೆ. ಊರೆಂದರೆ ಮಸ್ಕತ್. ಅಲ್ಲಿ ಕೋಟೆ ಕಟ್ಟಿಕೊಂಡಿದ್ದ ಪೋರ್ಚುಗೀಸರು 1650ರಲ್ಲಿ ಒಮಾನಿಗಳಿಗೆ ಅದನ್ನು ಬಿಟ್ಟುಕೊಡುವವರೆಗೆ ಉಂಡದ್ದರಲ್ಲಿ ದೊಡ್ಡ ಪಾಲು ಕನ್ನಡ ಕರಾವಳಿಯ ಅಕ್ಕಿ. ಕೋಟೆ ಕೈ ಬದಲಾಯಿತು, ಹಸಿವು ಬದಲಾಗಲಿಲ್ಲ. ಹದಿನೆಂಟನೆಯ ಶತಮಾನದ ಮೊದಲಲ್ಲಿ ಈ ಕಡೆ ಓಡಾಡಿದ ಸ್ಕಾಟ್ಲೆಂಡಿನ ನಾವಿಕ ಅಲೆಕ್ಸಾಂಡರ್ ಹ್ಯಾಮಿಲ್ಟನ್, ಇಲ್ಲಿಂದ ಅಕ್ಕಿ ಹೊತ್ತು ಮಸ್ಕತ್‌ಗೆ ಹೋದ ಹಡಗುಗಳು ಕುದುರೆ, ಖರ್ಜೂರ, ಮುತ್ತು ತುಂಬಿಕೊಂಡು ಮರಳುತ್ತಿದ್ದವು ಎಂದು ಬರೆದಿದ್ದಾನೆ. ಅದೇ ಕಾಲಕ್ಕೆ ಡಚ್ಚರಿಗೂ ಇಲ್ಲಿ ಒಂದು ವ್ಯಾಪಾರದ ಕೋಠಿಯಿತ್ತು. ಮಲಬಾರಿನ ತಮ್ಮ ಕೋಟೆಗಳ ಸಿಪಾಯಿಗಳಿಗೆ ಅನ್ನ ಹಾಕಲು ಅವರಿಗೂ ಇದೇ ಅಕ್ಕಿ ಬೇಕಿತ್ತು. ಊರಿಗೆ ಹೋಗಿ ಬರುವಾಗ ನೀವು ಕುಚ್ಚಲಕ್ಕಿಯನ್ನು ಪೆಟ್ಟಿಗೆಯಲ್ಲಿ ಒಯ್ಯುತ್ತೀರಿ, ವಿಮಾನದ ತೂಕದ ಮಿತಿಗೆ ಅಂಜುತ್ತೀರಿ ಎಂದು ಪತ್ರದಲ್ಲೇ ತಮಾಷೆ ಮಾಡಿದ್ದೀರಿ. ನೀವು ಹೊಸದೇನನ್ನೂ ಮಾಡುತ್ತಿಲ್ಲ.

ಇಷ್ಟು ಅಕ್ಕಿ ಎಲ್ಲಿಂದ ಬಂತು? ಗದ್ದೆಗಳನ್ನು ಬೆಟ್ಟು, ಮಜಲು, ಬೈಲು ಎಂದು ನೀರಿನ ಲೆಕ್ಕದಲ್ಲಿ ವಿಂಗಡಿಸುವ ನಾಡಿದು. ಎತ್ತರದ ಬೆಟ್ಟಿಗೆ ಮಳೆಗಾಲದ ಒಂದೇ ಬೆಳೆ. ತಗ್ಗಿನ ಬೈಲಿಗೆ ಕಾರ್ತಿ, ಸುಗ್ಗಿ, ಕೊಳಕೆ ಎಂದು ಮೂರು. ಅದನ್ನು ಕಡಲು ದಾಟಿಸಿದ್ದು ಮುಡಿ. ಬೈಹುಲ್ಲನ್ನು ಹರಡಿ, ಅಕ್ಕಿ ಸುರಿದು, ಹುಲ್ಲಿನ ಹಗ್ಗದಿಂದ ಬಿಗಿದು, ಬಡಿದು ಬಡಿದು ಗುಂಡಗೆ ಮಾಡಿದ 42 ಸೇರಿನ ಗಂಟು ಅದು. ಹುಳುವಿಗೂ ತೇವಕ್ಕೂ ಸುಲಭವಾಗಿ ಜಗ್ಗದು. ನಿಮ್ಮ ಅಜ್ಜನ ಮನೆಯ ಅಟ್ಟದಲ್ಲಿ ಮುಡಿ ನೋಡಿದ ನೆನಪಿದೆ ಎಂದು ಬರೆದಿದ್ದೀರಿ. ಬಸ್ರೂರಿನ ಬಂದರನ್ನು ನೀವು ನೋಡಿಲ್ಲವೆಂದು ಯಾರು ಹೇಳಿದರು? ಅದರ ಬಹುಪಾಲು ನಿಮ್ಮ ಅಟ್ಟದಲ್ಲಿತ್ತು.

ಇನ್ನು ಊರನ್ನು ಆಳಿದವರು. ವಿಜಯನಗರದ ಕಾಲದಲ್ಲಿ ಬಸ್ರೂರು ಬಾರಕೂರು ರಾಜ್ಯಕ್ಕೆ ಸೇರಿತ್ತು. ಬಾರಕೂರಿನಲ್ಲಿ ರಾಜ್ಯಪಾಲನೊಬ್ಬ ಕೂರುತ್ತಿದ್ದ. ಆದರೆ ಇಲ್ಲಿಯ ಶಾಸನಗಳನ್ನು ಓದಿದರೆ ಅರಸನ ಹೆಸರು ಮೊದಲ ಸಾಲುಗಳಲ್ಲಿ ಬಂದು ಹೋಗುತ್ತದೆ, ಆಮೇಲೆ ಮಾತನಾಡುವವರು ಪಡುಕೇರಿಯವರು, ಮೂಡುಕೇರಿಯವರು, ಹಲರು, ಸೆಟ್ಟಿಕಾರರು, ಅಂದರೆ ಊರಿನ ಕೇರಿಗಳ ಮತ್ತು ವರ್ತಕರ ಕೂಟಗಳು. ದಾನ ಕೊಡುವುದು, ಕಟ್ಟಳೆ ಹಾಕುವುದು, ಜಗಳ ಬಗೆಹರಿಸುವುದು, ಎಲ್ಲದಕ್ಕೂ ಕೇರಿಯ ಒಪ್ಪಿಗೆ ಬೇಕು. ಬಾರ್ಸೆಲೋರಿನ ವರ್ತಕರು ತಮ್ಮ ಊರನ್ನು ತಾವೇ ನಡೆಸಿಕೊಳ್ಳುತ್ತಾರೆ ಎಂದು ಪೋರ್ಚುಗೀಸರೂ ಬರೆದರು. (ಬಾರ್ಸೆಲೋರ್ ಎಂದರೆ ಬಸ್ರೂರು. ಸ್ಪೇನಿನ ಬಾರ್ಸಿಲೋನಾಕ್ಕೂ ಇದಕ್ಕೂ ನಂಟಿದೆಯೇ ಎಂದು ಆಗಾಗ ಯಾರಾದರೂ ಕೇಳುತ್ತಾರೆ. ಇಲ್ಲ.) ಅರಮನೆ ಹುಡುಕಿದ ಪ್ರವಾಸಿಗೆ ಬಸ್ರೂರಿನಲ್ಲಿ ಏನೂ ಸಿಗದಿರುವುದು ಇದಕ್ಕೇ. ಅದು ಅರಸನ ಊರಲ್ಲ, ಅಂಗಡಿಯವರ ಊರು.

ಕೋಟೆ ಕಾಣಲಿಲ್ಲ ಎಂದಿರಿ. 1569ರಲ್ಲಿ ಪೋರ್ಚುಗೀಸರು ದಂಡೆತ್ತಿ ಬಂದು ಕೋಟೆ ಕಟ್ಟಿದ್ದು ನಿಜ. ಆದರೆ ಅದು ಹೊಳೆಯ ಕೆಳಗಿನ ಭಾಗದಲ್ಲಿ, ಅಳಿವೆಯತ್ತ, ಈಗಿನ ಕುಂದಾಪುರದ ಕಡೆ. ವರ್ತಕರ ಊರನ್ನು ಅವರು ಮೇಲಿನ ಬಾರ್ಸೆಲೋರ್ ಎಂದೂ ತಮ್ಮದನ್ನು ಕೆಳಗಿನದೆಂದೂ ಕರೆದರು. ಊರೊಳಗೆ ನುಗ್ಗಿ ಕೂರುವ ಬದಲು ಹೊಳೆಯ ಬಾಯಿಯನ್ನು ಹಿಡಿದು ಕೂತರು, ಕಪ್ಪವನ್ನೂ ಅಕ್ಕಿಯಲ್ಲೇ ಕೇಳಿದರು. 1650ರ ದಶಕದ ಮೊದಲಲ್ಲಿ ಕೆಳದಿಯ ಶಿವಪ್ಪನಾಯಕ ಮಂಗಳೂರು, ಹೊನ್ನಾವರಗಳ ಕೋಟೆಗಳ ಜೊತೆಗೆ ಇದನ್ನೂ ಅವರಿಂದ ಕಿತ್ತುಕೊಂಡ.

ಈ ಇಸವಿಯನ್ನು ಗುರುತು ಹಾಕಿಕೊಳ್ಳಿ. ನಿಮ್ಮ ಮೊಬೈಲ್ ಸಂದೇಶಕ್ಕೆ ಉತ್ತರ ಇದರಲ್ಲೇ ಇದೆ. ಶಿವಾಜಿ ಮಹಾರಾಜರು ಬಸ್ರೂರಿಗೆ ಬಂದದ್ದು 1665ರ ಫೆಬ್ರವರಿಯಲ್ಲಿ. ಅಷ್ಟು ಹೊತ್ತಿಗೆ ಊರು ಕೆಳದಿಯವರದಾಗಿ ಹತ್ತು ವರ್ಷ ಕಳೆದಿತ್ತು. ಬಿಡಿಸಲು ಅಲ್ಲಿ ಪೋರ್ಚುಗೀಸರ ಆಳ್ವಿಕೆಯೇ ಇರಲಿಲ್ಲ. ಕಾರವಾರದಲ್ಲಿದ್ದ ಇಂಗ್ಲಿಷ್ ವರ್ತಕರ ಕಾಗದಗಳ ಪ್ರಕಾರ ಶಿವಾಜಿ 85 ಸಣ್ಣ ಹಡಗುಗಳು, 3 ದೊಡ್ಡ ಹಡಗುಗಳೊಂದಿಗೆ ಬಂದು ಬಸ್ರೂರನ್ನು ಕೊಳ್ಳೆ ಹೊಡೆದರು. ಮರಾಠಿಯ ಹಳೆಯ ಚರಿತ್ರೆಯ ಬರಹವಾದ ಬಖರೂ ಇದನ್ನು ಮುಚ್ಚಿಡುವುದಿಲ್ಲ. ಶ್ರೀಮಂತ ಊರಿನ ಲೂಟಿ ಎಂದೇ ಹೆಮ್ಮೆಯಿಂದ ಹೇಳುತ್ತದೆ. ಹಿಂದಿನ ವರ್ಷ ಸೂರತ್ತಿಗೆ ಆದದ್ದೇ ಈ ವರ್ಷ ಬಸ್ರೂರಿಗೆ ಆಯಿತು. ಮರಳುವ ದಾರಿಯಲ್ಲಿ ಗೋಕರ್ಣದಲ್ಲಿ ತೀರ್ಥಸ್ನಾನ ಮಾಡಿ, ಅಂಕೋಲೆಗೆ ಬಂದು, ಕಾರವಾರದ ವರ್ತಕರಿಂದಲೂ ಹಣ ಎತ್ತಿದರು. ಇಂಗ್ಲಿಷರ ಪಾಲಿಗೆ 112 ಪೌಂಡು ಬಂತು. ಅಲ್ಲಿ ಬಿಜಾಪುರದ ಶೇರ್ ಖಾನ್ ಇದ್ದುದರಿಂದ ಇನ್ನೂ ದೊಡ್ಡ ಲೂಟಿ ತಪ್ಪಿತು. ತಮ್ಮ ಹೋಳಿಯ ಬೇಟೆಯನ್ನು ಅವನು ಕೆಡಿಸಿದ ಎಂದು ಶಿವಾಜಿ ಗೊಣಗಿಕೊಂಡು ಹೋದರಂತೆ. ಹಡಗು ಪಡೆ ಕಟ್ಟಿಕೊಂಡು, ತಾವೇ ಮುಂದೆ ನಿಂತು ಇಷ್ಟು ದೂರ ಬಂದ ಆ ದಂಡಯಾತ್ರೆಯ ಧೈರ್ಯ ಸಣ್ಣದಲ್ಲ. ಅದನ್ನು ಮೆಚ್ಚಲು ಅದಕ್ಕೆ ಬಿಡುಗಡೆಯ ಅಂಗಿ ತೊಡಿಸಬೇಕಾಗಿಲ್ಲ. ಪಡುಕೇರಿಯ ಸೆಟ್ಟಿಯ ಅಂಗಡಿಯಲ್ಲಿ ನಿಂತು ನೋಡಿದರೆ ಪೋರ್ಚುಗೀಸರೂ ಮರಾಠರೂ ಬಂದದ್ದು ಧಾನ್ಯದ ಹಗೇವಿನ ಹಾದಿ ಹಿಡಿದೇ. ಈ ಉತ್ತರ ಓದಿ ಕೆಲವರು ನನಗೂ ಪತ್ರ ಬರೆಯುತ್ತಾರೆ ಎಂದು ಗೊತ್ತು. ಬರೆಯಲಿ.

ಊರು ಇಳಿದುಹೋದ ಕಥೆ ಚಿಕ್ಕದು. 1763ರಲ್ಲಿ ಕೆಳದಿಯವರ ರಾಜಧಾನಿ ಬಿದನೂರನ್ನು ಗೆದ್ದ ಹೈದರಾಲಿ ತನ್ನ ಹಡಗುಗಳಿಗೆ ಮಂಗಳೂರನ್ನು ಆರಿಸಿಕೊಂಡ, 1799ರಲ್ಲಿ ಬಂದ ಇಂಗ್ಲಿಷರೂ ಅಲ್ಲೇ ಕಚೇರಿ ಹೂಡಿದರು, ತಾಲ್ಲೂಕು ಕುಂದಾಪುರದ ಪಾಲಾಯಿತು. ದೊಡ್ಡ ಹಡಗಿಗೆ ಹೊಳೆ ಸಾಲದಾಯಿತು.

ಮುಂದಿನ ಸಲ ಬರುವಾಗ ಹೀಗೆ ಮಾಡಿ ನೋಡಿ. ಮಂಗಳೂರಿನಿಂದ ಕಾರಿನಲ್ಲಿ ಬರಬೇಡಿ, ಕೊಂಕಣ ರೈಲಿನಲ್ಲಿ ಬನ್ನಿ. ಕುಂದಾಪುರ ಎಂದು ಫಲಕವಿರುವ ನಿಲ್ದಾಣ ನಿಜವಾಗಿ ಇರುವುದು ಬಸ್ರೂರಿನ ಪಕ್ಕದ ಮೂಡ್ಲಕಟ್ಟೆಯಲ್ಲಿ. ಕುಂದಾಪುರಕ್ಕೆ ಹೋಗುವವರು ಅಲ್ಲಿಳಿದು ದೂರವಾಯಿತೆಂದು ಗೊಣಗುತ್ತಾರೆ, ನಿಮಗೆ ಅದೇ ಹತ್ತಿರ. ಮಹಾಲಿಂಗೇಶ್ವರ ದೇವಸ್ಥಾನದಲ್ಲಿ ಪ್ರಸಾದ ತೆಗೆದುಕೊಂಡ ಕೂಡಲೇ ಹೊರಡದೆ, ಶಾಸನದ ಕಲ್ಲುಗಳ ಮುಂದೆ ಸ್ವಲ್ಪ ಹೊತ್ತು ನಿಲ್ಲಿ. ಮಗಳಿಗೆ ಕನ್ನಡ ಅಕ್ಷರ ಬರುತ್ತದೆ ಎಂದಿದ್ದೀರಿ. ಹಳೆಯ ಲಿಪಿಯಲ್ಲಿ ಅವಳಿಗೆ ಗುರುತು ಸಿಗುವ ನಾಲ್ಕು ಅಕ್ಷರಗಳಾದರೂ ಇರುತ್ತವೆ. ಆಮೇಲೆ ಕೇರಿಗಳಲ್ಲಿ ನಡೆಯಿರಿ. ಈಗಲೂ ಊರಿನವರು ದಾರಿ ಹೇಳುವುದು ಕೇರಿಯ ಹೆಸರಿನಿಂದಲೇ. ಮಧ್ಯಾಹ್ನದ ಮೇಲೆ ಗಂಗೊಳ್ಳಿಯ ಮೀನುಗಾರಿಕಾ ಬಂದರಿಗೆ ಹೋಗಿ. ಕುಂದಾಪುರದ ದಡದಿಂದ ಅದು ಕೂಗಳತೆಯಲ್ಲಿ ಕಾಣುತ್ತದೆ. ರಸ್ತೆಯಲ್ಲಿ ಹೋದರೆ ತ್ರಾಸಿಗೆ ಸುತ್ತಿ ಹದಿನೈದು ಕಿಲೋಮೀಟರಿಗೂ ಹೆಚ್ಚು. ಹೊಳೆಗಳೇ ದಾರಿಯಾಗಿದ್ದ ನಾಡು ರಸ್ತೆಗೆ ಬಗ್ಗಿದಾಗ ಏನಾಗುತ್ತದೆ ಎಂಬುದಕ್ಕೆ ಈ ಸುತ್ತಿಗಿಂತ ಒಳ್ಳೆಯ ಪಾಠವಿಲ್ಲ.

ಡಿಸೆಂಬರಿನ ಆಸುಪಾಸಿನಲ್ಲೇ ನಿಮ್ಮ ರಜೆ ಬೀಳುವುದಾದರೆ ಪಂಚಾಂಗ ನೋಡಿ ಟಿಕೆಟ್ ತೆಗೆಯಿರಿ. ವೃಶ್ಚಿಕ ಮಾಸದ ಹುಣ್ಣಿಮೆಗೆ ಕೋಟೇಶ್ವರದಲ್ಲಿ ಕೊಡಿ ಹಬ್ಬ. ಕೋಟಿಲಿಂಗೇಶ್ವರನ ರಥದ ದಿನ ಹೊಸದಾಗಿ ಮದುವೆಯಾದವರು ಕಬ್ಬಿನ ಕೊಡಿ, ಅಂದರೆ ತುದಿಯನ್ನು, ಕೊಂಡು ಮನೆಗೆ ಒಯ್ಯುತ್ತಾರೆ. ಹರಕೆ ಹೊತ್ತವರು ಕೋಟಿತೀರ್ಥ ಎಂಬ ದೊಡ್ಡ ಕೆರೆಯ ಸುತ್ತ ಅಕ್ಕಿ ಚೆಲ್ಲುತ್ತಾ ಸುತ್ತಕ್ಕಿ ಸೇವೆ ಮಾಡುತ್ತಾರೆ. 1342ರ ಸುಮಾರಿಗೆ ಇಲ್ಲಿ ಹಾದುಹೋದ ಮೊರೊಕ್ಕೊದ ಪ್ರವಾಸಿ ಇಬ್ನ್ ಬತೂತ, ಬಾರಕೂರಿನ ಕಬ್ಬಿಗೆ ಸಾಟಿಯಿಲ್ಲ ಎಂದು ಬರೆದ. ಬಸ್ರೂರನ್ನು ಅಬೂ ಸರೂರ್ ಎಂದು ಕರೆದು, ದೊಡ್ಡ ಹೊಳೆಬಾಯಿಯ ಮೇಲಿನ, ತೆಂಗು ತುಂಬಿದ ಸಣ್ಣ ಊರು ಎಂದ. ನೀವು ಕಂಡದ್ದೂ ಹೆಚ್ಚುಕಡಿಮೆ ಅದನ್ನೇ ಅಲ್ಲವೇ? ಮಗಳಿಗೆ ಇನ್ನೊಂದು ಸಂಗತಿ ಹೇಳಿ: ಇದೇ ಪ್ರವಾಸಿ ಹೊನ್ನಾವರದಲ್ಲಿ ಹುಡುಗರಿಗೆ 23, ಹುಡುಗಿಯರಿಗೆ 13 ಶಾಲೆಗಳನ್ನು ಕಂಡೆ ಎಂದು ಬರೆದಿದ್ದಾನೆ.

ಅವಳ ಪ್ರಶ್ನೆಗೆ ಅಳಿವೆಯ ತನಕ ಹೋಗಿಯೇ ಉತ್ತರ ಹುಡುಕಬೇಕಾಗಿಲ್ಲ. ಮಳೆಯ ನೀರೆಲ್ಲ ಇಳಿದುಹೋದ ಬೇಸಿಗೆಯಲ್ಲಿ, ಉಬ್ಬರದ ಹೊತ್ತಿಗೆ, ಬಸ್ರೂರಿನ ಹೊಳೆಯ ದಂಡೆಗೆ ಅವಳನ್ನು ಕರೆದುಕೊಂಡು ಹೋಗಿ. ನೀರಿನಲ್ಲಿ ತೇಲುವ ತೆಂಗಿನ ಸೋಗೆ ಘಟ್ಟದ ಕಡೆಗೆ, ಅಂದರೆ ಹಿಂದಕ್ಕೆ, ಹೋಗುವುದನ್ನು ನೋಡಲಿ. ಬೆರಳದ್ದಿ ನಾಲಿಗೆಗೆ ಮುಟ್ಟಿಸಿಕೊಂಡರೆ ಉಪ್ಪು ಹತ್ತುತ್ತದೆ.