ಆಪ್ತಸಲಹೆ ಪ್ರಕರಣ: ರಿಪೋರ್ಟ್ ನೋಡಿ ನಿದ್ದೆಗೆಟ್ಟ ದಾಲ್ ಮಿಲ್ ಮ್ಯಾನೇಜರ್

ಇವರು ಕಲಬುರಗಿಯ ಒಂದು ದಾಲ್ ಮಿಲ್ಲಿನ ಮ್ಯಾನೇಜರ್. ವಯಸ್ಸು ಐವತ್ತರ ಆಸುಪಾಸು. ಗುರುತು ಸಿಗಬಾರದು ಅಂತ ಕೆಲವು ವಿವರ ಬದಲಿಸಿದ್ದೇನೆ. ಬರೆಯುವುದಕ್ಕೆ ಅವರ ಒಪ್ಪಿಗೆಯೂ ಇದೆ, ಮಾಲೀಕರ ಒಪ್ಪಿಗೆಯೂ ಇದೆ. ಎದೆ ಹಿಡಿದಂತಾಗುತ್ತದೆ, ನಡುರಾತ್ರಿ ಎಚ್ಚರ ಆದರೆ ಮತ್ತೆ ನಿದ್ದೆ ಹತ್ತುವುದಿಲ್ಲ ಅಂತ ಡಾಕ್ಟರ ಹತ್ರ ಹೋಗಿದ್ದರು. ಇಸಿಜಿ ಸರಿ ಇತ್ತು. ಬಿಪಿ ಸ್ವಲ್ಪ ಜಾಸ್ತಿ. ಡಾಕ್ಟರೇ ನನ್ನ ಹತ್ರ ಕಳಿಸಿದರು.

ಬಂದು ಕೂತವರು ಮೊದಲು ಹೇಳಿದ್ದು ಇಷ್ಟು: "ಹೊಸ ಸಾಫ್ಟ್‌ವೇರ್ ಬಂದ ಮ್ಯಾಗ ನನಗ ತಲಿನೇ ಓಡವಲ್ದರಿ. ಹತ್ತು ಚೀಲ ತೊಗೊಳ್ಳಾಕೂ ಕೈ ನಡಗತಾವ."

ಇಪ್ಪತ್ತು ವರ್ಷಕ್ಕೂ ಮೇಲೆ ತೊಗರಿ ಖರೀದಿ ಮಾಡಿದವರು ಇವರು. ಕಾಳು ಹಲ್ಲಿಗಿಟ್ಟು ಕಡಿದರೆ ತೇವ ಎಷ್ಟಿದೆ ಅಂತ ಹೇಳಬಲ್ಲವರು. ಮಾಲೀಕರ ಮಗ ಎಂಬಿಎ ಮುಗಿಸಿ ಊರಿಗೆ ಬಂದ ಮೇಲೆ ಮಿಲ್ಲಿಗೆ ಸಾಫ್ಟ್‌ವೇರ್ ಹಾಕಿಸಿದ್ದಾನೆ. ಖರೀದಿ, ದಾಸ್ತಾನು, ಉದ್ರಿ, ಕರೆಂಟ್ ಬಿಲ್ಲು, ಎಲ್ಲದಕ್ಕೂ ಒಂದೊಂದು ಗ್ರಾಫ್. ಅದೇ ಜನವರಿಯಲ್ಲಿ ಹೊಸ ಮಾಲು ಬರುವಾಗ ಇವರು ದೊಡ್ಡ ಖರೀದಿ ಮಾಡಿದರು. ಕೆಲವೇ ದಿನಕ್ಕೆ ರೇಟು ಇಳಿಯಿತು. ಹುಡುಗ ಗ್ರಾಫ್ ತೆಗೆದು, "ಅಂಕಲ್, ಇಲ್ಲೇ ಕಾಣ್ತಿತ್ತಲ್ಲ, ಇಳಿಯೋದು" ಅಂದ. ಮುಂದಿನ ಸಲ ಇವರು ತಡೆದು ನಿಂತರು, ರೇಟು ಏರಿತು. ಅವತ್ತೂ ಅದೇ ಗ್ರಾಫ್, ಅದೇ ಮಾತು.

ಅಲ್ಲಿಂದ ಫೋನ್ ಕೈ ಬಿಟ್ಟಿಲ್ಲ. ಲಾತೂರು, ಅಕೋಲಾ, ಮುಂಬೈಗೆ ಬರುವ ಬರ್ಮಾದ ಲೆಮನ್ ಅನ್ನುವ ಜಾತಿಯ ತೊಗರಿ, ಎಲ್ಲದರ ರೇಟು ವಾಟ್ಸಾಪ್ ಗುಂಪುಗಳಲ್ಲಿ ನೋಡುತ್ತಾರೆ. ರಾತ್ರಿ ಎದ್ದು ಡ್ಯಾಶ್‌ಬೋರ್ಡ್, ಅಂದರೆ ಆ ಗ್ರಾಫ್‌ಗಳೆಲ್ಲ ಕಾಣುವ ಸ್ಕ್ರೀನ್, ನೋಡುತ್ತಾರೆ. ರಾತ್ರಿ ಹೊತ್ತು ಗಂಜ್‌ನಲ್ಲಿ, ಅಂದರೆ ಎಪಿಎಂಸಿ ಮಾರುಕಟ್ಟೆಯಲ್ಲಿ, ಯಾರು ಮಾರುತ್ತಾರೆ ಅಂತ ಕೇಳಿದೆ. ನಕ್ಕುಬಿಟ್ಟರು.

ಜೀವ ಬೇಡ ಅನ್ನಿಸಿದ್ದು ಇದೆಯಾ ಅಂತಲೂ ನೇರವಾಗಿ ಕೇಳಿದೆ. ಇಲ್ಲ ಅಂದರು. ನಾನು ಇದನ್ನು ಎಲ್ಲರನ್ನೂ ಕೇಳುತ್ತೇನೆ. ಹಾಗೆ ಅನ್ನಿಸುವವರು ಯಾರೇ ಆಗಲಿ, 14416ಕ್ಕೆ ಫೋನ್ ಮಾಡಬಹುದು. ಅದು ಟೆಲಿ ಮಾನಸ್, ಸರ್ಕಾರದ ಉಚಿತ ಸಹಾಯವಾಣಿ. ಕನ್ನಡದಲ್ಲೇ ಮಾತಾಡಬಹುದು.

ಇವರಿಗೆ ಕಂಪ್ಯೂಟರ್ ಅಂದರೆ ಭಯ ಅನ್ನುವುದು ಮಾಲೀಕರ ಮಗನ ತೀರ್ಮಾನ. ಅದನ್ನು ನಾನು ಒಪ್ಪಲಿಲ್ಲ. ಕರ್ನಾಟಕದ ಎಪಿಎಂಸಿಗಳಿಗೆ ಏಕೀಕೃತ ಮಾರುಕಟ್ಟೆ ವೇದಿಕೆ ಬಂದಿದ್ದು 2014ರಲ್ಲಿ. ಆಗಿನಿಂದ ಇವರು ಆನ್‌ಲೈನ್ ಟೆಂಡರ್ ಹಾಕುತ್ತಲೇ ಬಂದಿದ್ದಾರೆ. ಭಯ ಇದ್ದದ್ದು, ನಾಳೆ ಇದೇ ಸ್ಕ್ರೀನ್ ನನ್ನ ಮೇಲೆ ಸಾಕ್ಷಿ ಹೇಳುತ್ತದೆ ಅನ್ನುವುದಕ್ಕೆ. ಖರೀದಿಯ ಹೊಣೆ ಇವರದ್ದು, ತೀರ್ಪು ಕೊಡುವವನು ಹುಡುಗ. ಅದೂ ರೇಟು ಗೊತ್ತಾದ ಮೇಲೆ! ಯಾರಿಗಾದರೂ ಕೈ ನಡುಗದೆ ಇರುತ್ತದಾ?

ಬರೂಕ್ ಫಿಶಾಫ್ ಅನ್ನುವ ಮನಶ್ಶಾಸ್ತ್ರಜ್ಞ 1975ರಲ್ಲೇ ಇದನ್ನು ಪ್ರಯೋಗ ಮಾಡಿ ತೋರಿಸಿದ್ದಾರೆ. ಫಲಿತಾಂಶ ಗೊತ್ತಾದ ಮೇಲೆ, "ಇದು ಮೊದಲೇ ಗೊತ್ತಾಗುವಂತಿತ್ತು" ಅಂತ ಜನರಿಗೆ ನಿಜವಾಗಿಯೂ ಅನ್ನಿಸುತ್ತದೆ. ಸುಳ್ಳು ಹೇಳುತ್ತಿರುವುದಿಲ್ಲ, ಹಾಗೇ ನೆನಪಾಗುತ್ತದೆ. ಗ್ರಾಫ್ ಇದ್ದರೆ ಈ ಭ್ರಮೆ ಇನ್ನೂ ಜಾಸ್ತಿ ಅಂತ ನನ್ನ ಅನಿಸಿಕೆ. ಗೆರೆ ಇಳಿದಿರುವುದು ಕಣ್ಣಿಗೆ ಕಾಣುತ್ತದೆ. ಖರೀದಿ ಮಾಡಿದ ದಿನ ಆ ಗೆರೆ ಅಲ್ಲಿಗೇ ನಿಂತಿತ್ತು ಅನ್ನುವುದು ಕಾಣುವುದಿಲ್ಲ.

ಹಾಗಾಗಿ ನಾನು ಮೊದಲು ಕೊಟ್ಟ ಸಲಹೆ ಒಂದು ನೋಟ್‌ಬುಕ್. ದೊಡ್ಡ ಖರೀದಿಗೆ ಮುಂಚೆ ನಾಲ್ಕು ಸಾಲು ಬರೆಯಬೇಕು. ಈ ಹೊತ್ತಿಗೆ ನನಗೆ ಗೊತ್ತಿರುವುದೇನು? ಏನು ತೀರ್ಮಾನ ಮಾಡುತ್ತಿದ್ದೇನೆ, ಯಾಕೆ? ಏನಾದರೆ ಮನಸ್ಸು ಬದಲಿಸುತ್ತೇನೆ? ಎಷ್ಟು ನಷ್ಟದವರೆಗೆ ತಡೆದುಕೊಳ್ಳಬಹುದು? ತಾರೀಖು, ಸಮಯ ಹಾಕಬೇಕು. ತಿಂಗಳ ಕೊನೆಗೆ ಚರ್ಚೆ ನಡೆಯುವುದು ಈ ಪುಟದ ಮೇಲೆ. ಗ್ರಾಫ್ ಪಕ್ಕದಲ್ಲಿ ಇರಲಿ, ಪರವಾಗಿಲ್ಲ.

ಡ್ಯಾಶ್‌ಬೋರ್ಡ್ ನೋಡುವುದು ದಿನಕ್ಕೆ ಎರಡೇ ಸಲ. ಟೆಂಡರಿಗೆ ಮುಂಚೆ ಒಮ್ಮೆ, ಸಂಜೆ ಲೆಕ್ಕ ಮುಗಿದ ಮೇಲೆ ಒಮ್ಮೆ. ರಾತ್ರಿ ಫೋನ್ ಮಲಗುವ ಕೋಣೆಯ ಹೊರಗೆ. ಇದಕ್ಕೆ ಅವರ ಹೆಂಡತಿ ತಕ್ಷಣ ಒಪ್ಪಿದರು. ಇವರು ಒಪ್ಪುವುದಕ್ಕೆ ಸಮಯ ಹಿಡಿಯಿತು.

ಮೂರನೆಯದು ತೀರ್ಮಾನಗಳನ್ನು ವಿಂಗಡಿಸುವ ಕೆಲಸ. ಗೋರಿ ಮತ್ತು ಸ್ಕಾಟ್ ಮಾರ್ಟನ್ ಅನ್ನುವವರು 1971ರಲ್ಲಿ, ಹರ್ಬರ್ಟ್ ಸೈಮನ್ ಅವರ ವಿಚಾರದ ಮೇಲೆ ಕಟ್ಟಿದ ವಿಂಗಡಣೆ ಇದು. ಹೆಸರು ಮರೆತರೂ ನಡೆಯುತ್ತದೆ, ಕೆಲಸಕ್ಕೆ ಬರುತ್ತದೆ. ಕೆಲವು ತೀರ್ಮಾನಗಳಿಗೆ ನಿಯಮ ಗಟ್ಟಿ ಇರುತ್ತದೆ. ಗೋಣಿಚೀಲ ಇಷ್ಟಕ್ಕಿಂತ ಕಡಿಮೆ ಆದರೆ ಆರ್ಡರ್ ಹಾಕು, ಅಷ್ಟೇ. ಇದಕ್ಕೆ ಮ್ಯಾನೇಜರ್ ಯಾಕೆ ಬೇಕು? ದಾಸ್ತಾನು ಮಿತಿಯೂ ಹಾಗೇ. 2024ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ತೊಗರಿಗೆ ಮಿತಿ ಹಾಕಿದಾಗ ಮಿಲ್ಲಿನವರಿಗೆ ಕೊನೆಯ 3 ತಿಂಗಳ ಉತ್ಪಾದನೆ ಅಥವಾ ವರ್ಷದ ಸಾಮರ್ಥ್ಯದ ಶೇ. 25, ಎರಡರಲ್ಲಿ ಯಾವುದು ಜಾಸ್ತಿಯೋ ಅದು ಅಂತ ಇತ್ತು. ದಾಸ್ತಾನನ್ನು ಸರ್ಕಾರದ ಪೋರ್ಟಲ್‌ನಲ್ಲಿ ಘೋಷಿಸಬೇಕಿತ್ತು. ಇಂಥದ್ದು ಸಿಸ್ಟಮ್ ಕೆಲಸ. ಇವರು ಇದನ್ನೂ ಕೈಯಲ್ಲಿ ಲೆಕ್ಕ ಹಾಕಿ, ಮತ್ತೆ ಮತ್ತೆ ಕೂಡಿ ನೋಡಿ ಸುಮ್ನೆ ದಣಿಯುತ್ತಿದ್ದರು.

ಇವತ್ತು ಎಷ್ಟು ಕ್ವಿಂಟಲ್ ಖರೀದಿ ಅನ್ನುವುದು ಅರ್ಧ ನಿಯಮ, ಅರ್ಧ ಅನುಭವ. ಇಲ್ಲಿ ಸಿಸ್ಟಮ್ ಲೆಕ್ಕ ಕೊಡಲಿ, ತೀರ್ಮಾನ ಇವರು ಮಾಡಲಿ. ಮಳೆಗಾಲಕ್ಕೆ ಡ್ರೈಯರ್ ಹಾಕಿಸಬೇಕಾ, ಅಥವಾ 2019ರಲ್ಲಿ ಜಿಐ (ಭೌಗೋಳಿಕ ಸೂಚಕ) ಗುರುತು ಸಿಕ್ಕ ನಮ್ಮ ತೊಗರಿ ಬೇಳೆಯನ್ನು ಸ್ವಂತ ಪ್ಯಾಕೆಟ್‌ನಲ್ಲಿ ಮಾರಬೇಕಾ ಅನ್ನುವಂಥದ್ದಕ್ಕೆ ಯಾವ ರಿಪೋರ್ಟೂ ಉತ್ತರ ಕೊಡುವುದಿಲ್ಲ. ಪ್ರಶ್ನೆ ಸ್ವಲ್ಪ ಸ್ಪಷ್ಟ ಮಾಡಬಹುದು, ಅಷ್ಟೇ. ಅದು ಮಾಲೀಕರ ತಲೆನೋವು. ಇವರು ಅದನ್ನೂ ಹೊತ್ತುಕೊಂಡು ಮಲಗುತ್ತಿದ್ದರು.

ಆಮೇಲೆ ಮಾಲೀಕರ ಮಗನನ್ನು ಜೊತೆಗೆ ಕರೆಸಿ ಕೂರಿಸಿದೆ. ಹುಡುಗ ಒಳ್ಳೆಯವನು, ಚುರುಕಾಗಿದ್ದಾನೆ. ರಿಪೋರ್ಟಿನ ಪ್ರಿಂಟ್ ತಂದಿದ್ದ. ಪುಟದ ತುಂಬ ಕಾಲಂ. ಇದರಲ್ಲಿ ಯಾವ ಕಾಲಂ ನೋಡಿ ನೀನು ಯಾವ ತೀರ್ಮಾನ ಮಾಡುತ್ತೀಯ ಅಂತ ಕೇಳಿದೆ. ಸ್ವಲ್ಪ ಹೊತ್ತು ಬೆರಳು ಆಡಿಸಿ, "ಸಾಫ್ಟ್‌ವೇರ್‌ನವರು ಕೊಟ್ಟಿದ್ದು ಹೀಗೇ ಮೇಡಂ" ಅಂದ. ಮ್ಯಾನೇಜ್‌ಮೆಂಟ್ ತಜ್ಞ ರಸೆಲ್ ಅಕಾಫ್ 1967ರಲ್ಲೇ ಎಚ್ಚರಿಸಿದ್ದು ಇದನ್ನೇ: ಮ್ಯಾನೇಜರುಗಳಿಗೆ ಮಾಹಿತಿ ಸಾಲದು ಅನ್ನುವುದಕ್ಕಿಂತ, ಬೇಡದ ಮಾಹಿತಿ ರಾಶಿ ಬೀಳುವುದೇ ದೊಡ್ಡ ತೊಂದರೆ. ಆಗ ಇನ್ನೂ ಫೋನ್‌ನಲ್ಲಿ ಗ್ರಾಫ್ ಬರುತ್ತಿರಲಿಲ್ಲ ನೋಡಿ.

ಆ ರಿಪೋರ್ಟಿನಲ್ಲಿ ಒಂದು ಸಂಗತಿ ಮಾತ್ರ ನಿಜವಾಗಿ ಬೆಲೆಯುಳ್ಳದ್ದಿತ್ತು. ಲಾಟ್‌ವಾರು ಇಳುವರಿ. ಅಂದರೆ ಒಂದು ಲಾಟ್ ತೊಗರಿಯಿಂದ ಎಷ್ಟು ಬೇಳೆ ಬಂತು ಅನ್ನುವುದು. ಹುಡುಗ ಲೆಕ್ಕ ಹಾಕಿ ತೋರಿಸಿದ. ತೊಗರಿ ಕ್ವಿಂಟಲಿಗೆ ₹7,500 ಅಂತ ಇಟ್ಟುಕೊಳ್ಳಿ. ಶೇ. 72 ಬೇಳೆ ಬಂದರೆ ಒಂದು ಕ್ವಿಂಟಲ್ ಬೇಳೆಗೆ ಕಾಳಿನ ಖರ್ಚೇ ಸುಮಾರು ₹10,417. ಶೇ. 70 ಬಂದರೆ ₹10,714. ಹೊಟ್ಟು, ನುಚ್ಚಿನ ದುಡ್ಡು ಬೇರೆ. ಎರಡು ಪರ್ಸೆಂಟ್‌ನಲ್ಲಿ ಕ್ವಿಂಟಲಿಗೆ ಹತ್ತಿರ ಹತ್ತಿರ ₹300 ಹೋಯಿತು. ಗಂಜ್‌ನಲ್ಲಿ ಐವತ್ತು ರೂಪಾಯಿಗೆ ಚೌಕಾಸಿ ಮಾಡುವ ಮ್ಯಾನೇಜರ್ ಈ ಲೆಕ್ಕ ಕೇಳಿ ಮುಂದೆ ಬಾಗಿದರು. ಇದನ್ನು ಅವರು ಅಂದಾಜಿನಲ್ಲಿ ಬಲ್ಲವರೇ. ಆದರೆ ಯಾವ ಅಡತಿಯ (ದಲ್ಲಾಳಿ ಅಂಗಡಿಯ) ಮಾಲು ಸತತವಾಗಿ ಕಡಿಮೆ ಇಳುವರಿ ಕೊಡುತ್ತಿದೆ ಅನ್ನುವುದು ತಲೆಯಲ್ಲಿ ಉಳಿಯುವ ಮಾತಲ್ಲ. ವರ್ಷದ ನೂರಾರು ಲಾಟುಗಳನ್ನು ನೆನಪಿಡಲು ಸಿಸ್ಟಮ್ಮೇ ಬೇಕು.

ಹುಡುಗನ ವಾದ ಏನೆಂದರೆ, ತೇವ ಎಲ್ಲ ಲಾಟಿನಲ್ಲೂ ಒಂದೇ ಇದೆ, ಶೇ. 10. ಆದರೂ ಇಳುವರಿ ಏರುಪೇರು. ಅಂದರೆ ಗಿರಣಿ ಓಡಿಸುವುದರಲ್ಲಿ ತಪ್ಪಾಗುತ್ತಿದೆ.

ಮ್ಯಾನೇಜರ್ ತಲೆ ತಗ್ಗಿಸಿ ಕೂತಿದ್ದರು. ಏನಾದರೂ ಹೇಳುವುದಿದೆಯಾ ಅಂತ ಕೇಳಿದೆ. ಆಗ ಬಾಯಿ ಬಿಟ್ಟರು: "ಅದು ಕಾಂಟಾದ ಹುಡುಗ ಹಾಕೋದರಿ. ತೇವದ ಮನಿ ಖಾಲಿ ಬಿಟ್ರ ಮುಂದ ಹೋಗಂಗಿಲ್ಲ. ಲಾರಿ ಸಾಲು ನಿಂತಿರ್ತಾವ. ಎಲ್ಲಕ್ಕೂ ಹತ್ತು ಒತ್ತತಾನ."

ಕಾಂಟಾ ಅಂದರೆ ಲಾರಿ ತೂಕ ಮಾಡುವ ಕಡೆ. ಮನಿ ಅಂದರೆ ಕಂಪ್ಯೂಟರಿನಲ್ಲಿ ಅಂಕಿ ತುಂಬುವ ಜಾಗ. ಮಾಲೀಕರ ಮಗ ಪ್ರಿಂಟ್ ಮಡಚಿಟ್ಟ. ಇಡೀ ಸೀಸನ್ನಿನ ತೇವದ ಅಂಕಿ ಒಂದಕ್ಕೂ ಬೆಲೆ ಇರಲಿಲ್ಲ. ಮೊದಲೇ ಯಾಕೆ ಹೇಳಲಿಲ್ಲ ಅಂತ ಕೇಳಿದ. "ಕಂಪ್ಯೂಟರ್ ತಪ್ಪ ಅಂದ್ರ ಮುದುಕ ನೆವ ಹೇಳ್ತಾನ ಅಂತಿದ್ರಿ." ನನ್ನ ಲೆಕ್ಕದಲ್ಲಿ ಇಡೀ ಪ್ರಕರಣದ ಗಂಟು ಇದ್ದದ್ದು ಇಲ್ಲಿ. ಅಂಕಿ ಹೇಗೆ ಹುಟ್ಟುತ್ತದೆ ಅಂತ ಗೊತ್ತಿರುವವರಿಗೆ ಮಾತಾಡುವ ಧೈರ್ಯ ಇರಲಿಲ್ಲ. ಮಾತಾಡುವವನಿಗೆ ಅದು ಗೊತ್ತಿರಲಿಲ್ಲ. ಇಂಥ ಕಡೆ ಎಷ್ಟು ದುಬಾರಿ ಸಾಫ್ಟ್‌ವೇರ್ ಹಾಕಿದರೂ ಅಷ್ಟೇ.

ಅವತ್ತು ಮೂರು ಒಪ್ಪಂದ ಆದವು. ಕಾಂಟಾದ ಹತ್ರ ತೇವ ಅಳೆಯುವ ಮೀಟರ್ ಇಡುವುದು, ಅಳೆಯದಿದ್ದರೆ ಆ ಮನೆ ಖಾಲಿ ಬಿಡಲು ಅವಕಾಶ ಕೊಡುವುದು. ತಪ್ಪು ಅಂಕಿಗಿಂತ ಖಾಲಿ ಮನೆ ಎಷ್ಟೋ ವಾಸಿ. ಇನ್ನು ರಿಪೋರ್ಟ್ ಒಂದೇ ಪುಟ: ಲಾಟ್‌ವಾರು ಇಳುವರಿ, ಎಷ್ಟು ದಿನಕ್ಕೆ ಸಾಕಾಗುವಷ್ಟು ಮಾಲಿದೆ, ಉದ್ರಿ ಎಷ್ಟು, ಇವತ್ತಿನ ಗಂಜ್ ರೇಟು. ಮಿಕ್ಕಿದ್ದು ಬೇಕಾದಾಗ ತೆಗೆದು ನೋಡಬಹುದು. ಮತ್ತೆ, ಒಂದು ಮೊತ್ತದವರೆಗಿನ ಖರೀದಿಗೆ ಮ್ಯಾನೇಜರ್ ಯಾರನ್ನೂ ಕೇಳಬೇಕಿಲ್ಲ. ಅದನ್ನು ಮೀರಿದರೆ ಮಾಲೀಕರೂ ನೋಟ್‌ಬುಕ್‌ನಲ್ಲಿ ಸಹಿ ಹಾಕಬೇಕು. ಮೊತ್ತ ಎಷ್ಟು ಅಂತ ಅವರವರೇ ಕೂತು ಮಾತಾಡಿಕೊಂಡರು. ಅದರಲ್ಲಿ ನಾನು ಬಾಯಿ ಹಾಕಲಿಲ್ಲ.

ಈಗ ನಿದ್ದೆ ಮೊದಲಿಗಿಂತ ಪರವಾಗಿಲ್ಲ. ಪೂರ್ತಿ ಸರಿಹೋಗಿಲ್ಲ. ಬಿಪಿ ಮಾತ್ರೆ ನಡೆಯುತ್ತಿದೆ, ಅದು ಡಾಕ್ಟರ ಕೆಲಸ. ವಾಟ್ಸಾಪ್ ಗುಂಪುಗಳಲ್ಲಿ ಒಂದೆರಡನ್ನು ಬಿಟ್ಟು ಉಳಿದವನ್ನು ಮ್ಯೂಟ್ ಮಾಡಿದ್ದಾರೆ. ಕಾಳು ಕಡಿದು ನೋಡುವುದನ್ನು ನಿಲ್ಲಿಸಿಲ್ಲ. ಕಡಿದು ಒಂದು ಅಂಕಿ ಹೇಳುತ್ತಾರೆ, ಆಮೇಲೆ ಮೀಟರ್ ನೋಡುತ್ತಾರೆ. ಹುಡುಗನಿಗೆ ಇದೊಂದು ಆಟ ಆಗಿದೆಯಂತೆ.

ಡ್ರೈಯರ್ ಜಗಳ ಮಾತ್ರ ಮುಗಿದಿಲ್ಲ. ಅಂಗಳದ ಬಿಸಿಲೇ ಸಾಕು ಅಂತ ಇವರು, ಅಕಾಲ ಮಳೆ ಬಂದರೆ ಏನು ಗತಿ ಅಂತ ಹುಡುಗ. ನನ್ನನ್ನೂ ಕೇಳಿದರು. ಅದಕ್ಕೆ ನನ್ನ ಹತ್ರ ಬರಬೇಡಿ, ಮಷೀನಿನವರ ಕೊಟೇಶನ್ ತಗೊಂಡು ಬ್ಯಾಂಕಿನವರ ಮುಂದೆ ಕೂರಿ ಅಂತ ಕಳಿಸಿದ್ದೇನೆ.